ಅಕ್ಕನಿಗೊಂದು ದೀಪ

ಎಲ್ಲ ಅವಾಂತರಕ್ಕೂ ಮೂಲ ಅಕ್ಕನ ಕಿವಿ. ಆರು ತಿಂಗಳ ಹಿಂದೆ ಒಂದು ಸಂಜೆ ದರ್ಜಿ ಮನೆಗೆ ಬಂದು ಬೆಲ್ ಒತ್ತಿದ, ಒತ್ತಿದ, ಬೆರಳು ನೋಯುವವರೆಗೂ ಒತ್ತಿದ. "ಅಕ್ಕಾ! ಅಕ್ಕಾ!" ಎಂದು ಗಂಟಲು ಹರಿದುಕೊಂಡ. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿದವಳು ಅವಳು. ಒಳಗೆ ಬಿದ್ದುಗಿದ್ದಿದ್ದರೆ ಏನು ಗತಿ?

ಆಮೇಲೂ ದಿನಾ ಇದೇ ಕತೆ. ಅಕ್ಕನಿಗೆ ಕಿವಿ ಕೇಳಿಸುತ್ತಿಲ್ಲ, ಬೆಲ್ ಒತ್ತಿದರೆ ಅವಳ ಕುರ್ಚಿಯೆದುರು ದೀಪ ಮಿನುಗಬೇಕು ಎಂದು ಹಟ ಹಿಡಿದ. ಪ್ರತಿ ಭಾನುವಾರ ಎಲೆಕ್ಟ್ರಾನಿಕ್ಸ್ ತರಗತಿಗೆ ಹೋಗಿ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬಿಡಿಸಲು, ಬೆಸುಗೆ ಹಾಕಲು ಕಲಿತ. ಅವನೇ ಬಿಡಿಸಿ ಮಾಡಿಸಿದ ಹಸಿರು ಬೋರ್ಡು ಇಂದು ಬೆಳಿಗ್ಗೆ ಅಂಗಡಿಗೆ ಬಂತು.

ಎಂಟು ಕಾಲಿನ ಚಿಪ್ ಕೂರಿಸಿ ಬ್ಯಾಟರಿ ಜೋಡಿಸಿದ. ದೀಪ ಹತ್ತಲಿಲ್ಲ. ಚಿಪ್ ಮಾತ್ರ ಇಸ್ತ್ರಿಪೆಟ್ಟಿಯಂತೆ ಕಾದು ಸುಟ್ಟ ವಾಸನೆ ಬಂತು.

ವಾಸನೆ ಹಿಡಿದು ಪಕ್ಕದಂಗಡಿಯ ಕ್ಷೌರಿಕ, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದ. ಹಿಂದೆಯೇ ಬಲ್ಬ್ ಅಂಗಡಿಯವನು.

"ಬ್ಯಾಟರಿ ಸಾಲ್ತಿಲ್ಲ ರೀ. ದೊಡ್ಡದು ಹಾಕಿ," ಎಂದ ಬಲ್ಬಿನವನು, ಎಲ್ಲ ಬಲ್ಲವನಂತೆ.

ಹಾಕಿದರು. ಎರಡನೇ ಚಿಪ್ ಪಟ್ ಎಂದು ಸಿಡಿಯಿತು.

ಇದ್ದ ಮೂರರಲ್ಲಿ ಉಳಿದದ್ದು ಒಂದೇ. ದರ್ಜಿ ತರಗತಿಯ ಮೇಡಂಗೆ ಬೋರ್ಡಿನ ಫೋಟೋ ಕಳಿಸಿದ. ಅವರು ಫೋನಿನಲ್ಲಿ ನಕ್ಕೇಬಿಟ್ಟರು. "ಚಿಪ್ಪಿನ ಕಾಲುಗಳನ್ನ ಕೆಳಗಿನಿಂದ ನೋಡಿ ಬಿಡಿಸಿದ್ದೀರಲ್ರೀ! ಎಡದ್ದು ಬಲಕ್ಕೆ ಹೋಗಿದೆ, ಬಲದ್ದು ಎಡಕ್ಕೆ. ಹೊಸ ಬೋರ್ಡೇ ಮಾಡಿಸಬೇಕು."

ದರ್ಜಿ ಹಣೆ ಚಚ್ಚಿಕೊಂಡ. ಮೂವತ್ತು ವರ್ಷ ಬಟ್ಟೆಯ ಒಳಮೈ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ ಕೈ ಅದು. ಬೋರ್ಡನ್ನೂ ಒಳಮೈಯಿಂದಲೇ ಬಿಡಿಸಿತ್ತು. ಎದುರಿಗೆ ಒಳಮೈ ಹೊರಗಾಗಿ ತಿರುವಿ ನೇತುಹಾಕಿದ್ದ ಕೋಟನ್ನು ಸುಮ್ಮನೆ ನೋಡುತ್ತ ಕೂತವನು ಥಟ್ಟನೆ ಎದ್ದ.

"ಮೇಡಂ, ಒಳಮೈಗೆ ಬರೆದಿದ್ರೆ ಒಳಮೈಗೇ ಹೊಲಿದ್ರಾಯ್ತಲ್ವಾ?"

ಬೋರ್ಡು ಮಗುಚಿ, ಮೂರನೇ ಚಿಪ್ಪನ್ನು ಹಿಂಬದಿಗೆ ಬೆಸೆದ. ದೀಪ ಮಿನುಗಿತು. ಅವನ ಕಣ್ಣು ತುಂಬಿ ಬಂತು.

ಸಂಜೆ ಮೂವರೂ ಮನೆಗೆ ಮೆರವಣಿಗೆ ಹೊರಟರು. ಅಕ್ಕನ ಎದುರು ದೀಪ ಇಟ್ಟು ಬಲ್ಬಿನವನಿಂದಲೇ ಬೆಲ್ ಒತ್ತಿಸಿದರು. ದೀಪ ಚೆನ್ನಾಗಿ ಮಿನುಗಿತು. ಕ್ಷೌರಿಕ ಹೊಸ್ತಿಲ ಬಳಿ ಪಿಸುಗುಟ್ಟಿದ: "ಪಾಪ, ಕಿವುಡಿಗೆ ಇನ್ನು ಕಷ್ಟ ಇಲ್ಲ."

"ಕಿವುಡಿ ಯಾರೋ? ನಿಮ್ಮಜ್ಜಿನಾ?" ಎಂದು ಒಳಗಿನಿಂದ ಗುಡುಗು ಬಂತು.

ಕ್ಷೌರಿಕನಿಗೆ ಆಗ ಅರ್ಧ ಗಡ್ಡದ ಗಿರಾಕಿ ನೆನಪಾದ. ಬಲ್ಬಿನವನೂ ಅವನ ಜೊತೆಯಲ್ಲೇ ಜಾರಿಕೊಂಡ.

"ಅಕ್ಕಾ... ನಿಂಗೆ ಕೇಳಿಸುತ್ತಾ?"

"ಮೊದಲಿಂದ್ಲೂ ಕೇಳಿಸುತ್ತೆ."

"ಮತ್ತೆ ಬಾಗಿಲು ಯಾಕೆ ತೆಗೀತಿರಲಿಲ್ಲ?"

ಅಕ್ಕ ಸೆರಗಿನ ತುದಿ ತಿರುಚಿದಳು. "ಒಳಗೆ ಬಂದ್ಮೇಲೆ ನೀನು ಮಾತೆಲ್ಲಿ ಆಡ್ತೀಯ? ಉಣ್ತೀಯ, ಮಲಗ್ತೀಯ. ಈಗಂತೂ ಭಾನುವಾರವೂ ಇರಲ್ಲ. ಹೊರಗೆ ನಿಂತಾಗ ಮಾತ್ರ ಚಿಕ್ಕವನ ಹಾಗೆ ಬಾಯ್ತುಂಬ ಅಕ್ಕಾ ಅಂತೀಯ."

ದರ್ಜಿ ದೀಪವನ್ನು ಅವಳ ಕುರ್ಚಿಯ ಹತ್ತಿರಕ್ಕೆ ಸರಿಸಿದ.

"ಹೋಗು, ಇನ್ನೊಂದ್ಸಲ ಒತ್ತು. ನೋಡ್ತೀನಿ," ಎಂದಳು ಅಕ್ಕ, ಮೆತ್ತಗೆ.

ಅವನು ಹೊರಗೆ ಹೋದ. ಹಿಂದಿನಿಂದ ಚಿಲಕ ಬಿದ್ದ ಸದ್ದಾಯಿತು. ಬೆಲ್ ಒತ್ತಿ ಕಿಟಕಿಯಲ್ಲಿ ಇಣುಕಿದ. ಅವನೇ ಹೊಲಿದುಕೊಟ್ಟ ದಪ್ಪ ಹೊದಿಕೆಯನ್ನು ದೀಪದ ಮೇಲೆ ಹಾಕಿ, ಅಕ್ಕ ಕೆನ್ನೆಗೆ ಕೈಯಿಟ್ಟು ಬಾಗಿಲನ್ನೇ ನೋಡುತ್ತ ಕೂತಿದ್ದಳು.

ದರ್ಜಿ ಗಂಟಲು ಸರಿಮಾಡಿಕೊಂಡ.

"ಅಕ್ಕಾ!" ಎಂದ.

ಬಾಗಿಲು ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಕರೆದ.