ಏರ್ ಮಾರ್ಷಲ್ ಭಾವನಿಗೆ ಕಾರು ಕಲಿಸಿದ್ದು

ಲೋಕದಲ್ಲಿ ಯಾರು ಬೇಕಾದರೂ ದೊಡ್ಡವರಾಗಲಿ, ನನ್ನ ತಕರಾರಿಲ್ಲ. ಹೆಂಡತಿಯ ಅಣ್ಣ ಮಾತ್ರ ಆಗಬಾರದು. ಖಾನಾಪುರದ ಕಡೆಯ ಬೀಡಿ ಎಂಬ ಹಳ್ಳಿಯ ನನ್ನ ಭಾವ ವಾಯುಪಡೆ ಸೇರಿ ಸ್ಕ್ವಾಡ್ರನ್ ಲೀಡರ್ ಆದಾಗ ಸಂತೋಷಪಟ್ಟೆ. ವಿಂಗ್ ಕಮಾಂಡರ್ ಆದಾಗ ಓಣಿಗೆಲ್ಲ ಸಿಹಿ ಕುಂದಾ ಹಂಚಿದೆ. ಗ್ರೂಪ್ ಕ್ಯಾಪ್ಟನ್ ಆದಾಗಿನಿಂದ ಹಂಚುವುದನ್ನು ನಿಲ್ಲಿಸಿದೆ. ಅವರು ಒಂದೊಂದು ಮೆಟ್ಟಿಲು ಏರಿದಾಗಲೂ ಹಿಂದವಾಡಿಯ ನಮ್ಮ ಮನೆಯಲ್ಲಿ ನಾನು ಒಂದೊಂದು ಮೆಟ್ಟಿಲು ಇಳಿಯುತ್ತಿದ್ದೆ. “ಅಣ್ಣಗ ಮತ್ತ ಬಡ್ತಿ ಬಂತು. ನಿಮ್ಮದೇನರ ಐತೇನ್ರಿ?” ಎಂದು ಹೆಂಡತಿ ಕೇಳುವಳು. ಕಾಲೇಜಿನ ಆಫೀಸಿನಲ್ಲಿ ನನಗೆ ಸಿಕ್ಕ ಬಡ್ತಿಯೆಂದರೆ ಕಿಟಕಿ ಪಕ್ಕದ ಕುರ್ಚಿ. ಕೊನೆಗೆ ಭಾವ ಏರ್ ಮಾರ್ಷಲ್ ಆಗಿ, ಇಡೀ ಒಂದು ಕಮಾಂಡನ್ನೇ ಆಳಿ ನಿವೃತ್ತರಾದರು. ಇನ್ನು ಏರಲು ಮೆಟ್ಟಿಲಿಲ್ಲವೆಂದು ನಾನು ಉಸಿರುಬಿಡುವಷ್ಟರಲ್ಲಿ ನಮ್ಮ ಮನೆಗೇ ಬಂದು, ಕಾರು ಕಲಿಯಬೇಕೆಂದರು.

ಯುದ್ಧವಿಮಾನ ಹಾರಿಸಿದ ಮನುಷ್ಯನಿಗೆ ಕಾರು ಬರುವುದಿಲ್ಲ! ಹರೆಯದಲ್ಲಿ ಮೋಟರ್‌ಸೈಕಲ್ಲು, ಆಮೇಲೆ ಸರಕಾರಿ ಕಾರು, ಅದಕ್ಕೊಬ್ಬ ಡ್ರೈವರ್. “ಇದರಾಗ ನೀವೇ ನನ್ನ ಗುರು,” ಎಂದರು. ಹೆಂಡತಿ ನನ್ನನ್ನು ಒಳಗೆ ಕರೆದು, “ಇದೊಂದರ ನೆಟ್ಟಗ ಮಾಡ್ರಿ. ಅಣ್ಣಗ ಏನರ ಆದ್ರ ನೋಡ್ರಿ ಮತ್ತ,” ಎಂದಳು. ಶತ್ರುಗಳ ಕೈಯಲ್ಲಿ ಆಗದ್ದು ನನ್ನ ಕೈಯಲ್ಲಿ ಆಗಿಬಿಟ್ಟರೆ ದೇಶಕ್ಕೆ ಏನು ಹೇಳಲಿ? ದೇಶ ಹೋಗಲಿ, ಇವಳಿಗೆ?

ನನ್ನ ಹಳೇ ಕಾರಿನಲ್ಲಿ ಖಾನಾಪುರದ ದಾರಿ ಹಿಡಿದೆವು. ನಾನು ಎಡಗಡೆ ಕುಳಿತು, ಇಲ್ಲದ ಬ್ರೇಕನ್ನು ತುಳಿಯುತ್ತ, “ಸಾವಕಾಶ್ರಿ, ಎಮ್ಮಿ ಬಂತ್ರಿ,” ಎಂದು ಬಡಬಡಿಸುತ್ತಿದ್ದೆ. ಖಾನಾಪುರ ಹತ್ತಿರವಾದಾಗ ಒಂದು ರೈಲ್ವೆ ಗೇಟಿನಲ್ಲಿ, ಸರಿಯಾಗಿ ಹಳಿಯ ಮೇಲೆ, ಕಾರು ಬಂದ್ ಬಿತ್ತು. ಗೇಟಿನವನು ಕೈಬೀಸಿ, “ಗೇಟ್ ಹಾಕೂದೈತ್ರೀ, ಲಗೂ ತಗೀರಿ!” ಎಂದು ಕೂಗಿದ.

ಮುಂದಿನದು ನನಗೆ ನೆನಪಿಲ್ಲ. ಎಚ್ಚರ ಬಂದಾಗ ನಾನು ಹಳಿಯಾಚೆ ಬೇವಿನ ಮರವನ್ನು ಅಪ್ಪಿಕೊಂಡು ನಿಂತಿದ್ದೆ. ನನ್ನ ಒಂದು ಚಪ್ಪಲಿ ಕಾರಿನಲ್ಲೇ ಉಳಿದಿತ್ತು. ಭಾವನೂ ಕಾರಿನಲ್ಲೇ ಉಳಿದಿದ್ದರು. ಅವರು ಅವಸರವಿಲ್ಲದೆ ಗೇರು ಸರಿಮಾಡಿ, ಕೀಲಿ ತಿರುಗಿಸಿ, ಕಾರನ್ನು ನನ್ನೆದುರು ತಂದು ನಿಲ್ಲಿಸಿ ಬಾಗಿಲು ತೆರೆದರು. “ಬರ್ರಿ, ಕುಂದರ್ರಿ. ಚಪ್ಪಲಿ ಇಲ್ಲೇ ಐತಿ.”

ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದೆ. ಭಾವ ಇದನ್ನು ಮನೆಯಲ್ಲಿ ಹೇಳಿದರೆ ಇಳಿಯಲು ನನಗೆ ಮೆಟ್ಟಿಲೇ ಉಳಿದಿರಲಿಲ್ಲ. ಹೆಂಡತಿ ಬಾಗಿಲಲ್ಲೇ ಕೇಳಿದಳು: “ಹೆಂಗ ಕಲಿಸಿದ್ರು, ಅಣ್ಣಾ?”

ಭಾವ ನನ್ನ ಮುಖ ನೋಡಿದರು. “ಭಾಳ ಛಲೋ ಕಲಿಸಿದ್ರು. ಆಪತ್ತಿನ್ಯಾಗ ವಿಮಾನದಿಂದ ಹೆಂಗ ಜಿಗೀಬೇಕಂತ ನಾನು ಹುಡುಗರಿಗೆ ಬರೇ ಬಾಯಿಲೆ ಹೇಳತಿದ್ದೆ. ಇವರು ಮಾಡೇ ತೋರಿಸಿದ್ರು.”

ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ನನ್ನತ್ತ ಅಭಿಮಾನದಿಂದ ನೋಡಿದಳು. ಊಟಕ್ಕೆ ಹೋಳಿಗೆ, ಮೇಲೆ ಧಾರಾಳವಾಗಿ ತುಪ್ಪ. ತಲೆ ತಗ್ಗಿಸಿ ತಿಂದೆ. ನಾಳೆಯಿಂದ ಅವಳಿಗೂ ಕಲಿಸಬೇಕಂತೆ, ಅದೇ ದಾರಿಯಲ್ಲಿ.