ಕ್ರಿಮಿಗಳನ್ನು ಕಾಯಿಸಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಸೋಪನ್ನೂ ತೊಳೆದು ಬಳಸುವ ಮನುಷ್ಯ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಹಿಂದೂಪುರದಲ್ಲಿ ಲೇಪಾಕ್ಷಿ ಬಸ್ಸು ಹತ್ತಿ, ನಮ್ಮೂರಲ್ಲಿ ಇಳಿದು, ಅವರ ಬಚ್ಚಲಿಗೆ ಒಮ್ಮೆ ಇಣುಕಿ. ಮೊದಲ ಸ್ನಾನ ಸೋಪಿಗೆ, ಆಮೇಲೆ ಚಿಕ್ಕಪ್ಪನಿಗೆ! "ಯಾರ್ ಮುಟ್ಟಿರ್ತಾರೋ ಏನೋ ಕಣಪ್ಪ" ಎನ್ನುವುದು ಅವರ ನಿತ್ಯದ ಮಂತ್ರ. ಪೆನುಕೊಂಡದ ಒಂದು ಮದುವೆಯಲ್ಲಿ ಎಲ್ಲರೂ ಬಾಳೆಲೆಗೆ ನೀರು ಚಿಮುಕಿಸಿ ಊಟಕ್ಕೆ ಕೂತರೆ, ಇವರು ಎಲೆ ಹಿಡಿದು ನಲ್ಲಿ ಹುಡುಕಿಕೊಂಡು ಹೋದರು. ತೊಳೆದು ತರುವಷ್ಟರಲ್ಲಿ ಪಂಕ್ತಿಯೇ ಎದ್ದಿತ್ತು. ಹಸಿದುಕೊಂಡೇ ಊರಿಗೆ ಬಂದರು. ಎಲೆ ಮಾತ್ರ ಬಹಳ ಶುದ್ಧವಾಗಿತ್ತು!

ಇಂಥವರ ಮಗನಿಗೆ ಹೆಣ್ಣು ನೋಡಲು ಕಲ್ಯಾಣದುರ್ಗಕ್ಕೆ ಹೋದೆವು. ಹುಡುಗಿ ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಕಾಫಿ ತಂದುಕೊಟ್ಟಳು.

"ಏನ್ ಓದಿದೀಯಮ್ಮ?"

"ಬ್ಯಾಕ್ಟೀರಿಯಾ ಬಗ್ಗೆ."

ಚಿಕ್ಕಪ್ಪ ಲೋಟ ಕೆಳಗಿಟ್ಟರು, ಮೆಲ್ಲಗೆ ಎದ್ದರು, ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದರು. ಸಂಬಂಧ ಮುರಿಯಿತು ಎಂದುಕೊಂಡೆವು. ಚಿಕ್ಕಮ್ಮ ಬಿಡಬೇಕಲ್ಲ? "ಕಳ್ಳರ ಸುದ್ದಿ ಪೊಲೀಸರಿಗೇ ತಾನೆ ಗೊತ್ತಿರೋದು? ಮನೇಗೊಬ್ಳು ಇರ್ಲಿ ಬಿಡಿ" ಎಂದು ಒಂದೇ ಮಾತಿನಲ್ಲಿ ಒಪ್ಪಿಸಿಬಿಟ್ಟರು. ಮದುವೆಯಾಗಿ ಮಗ, ಸೊಸೆ ಕಲ್ಯಾಣದುರ್ಗದಲ್ಲೇ ಮನೆ ಮಾಡಿದರು.

ಆ ಚಿಕ್ಕಮ್ಮನ ಕೈಯನ್ನು ಮಾತ್ರ ಚಿಕ್ಕಪ್ಪ ಎಂದೂ ಪರೀಕ್ಷಿಸಿದವರಲ್ಲ. ಅವರು ಮೊಸರನ್ನ ಕಲಸಿ ಕೈತುತ್ತು ಕೊಟ್ಟರೆ ಚಿಕ್ಕ ಹುಡುಗನ ಹಾಗೆ ಅಂಗೈ ಒಡ್ಡುತ್ತಿದ್ದರು. ಚಿಕ್ಕಮ್ಮ ತೀರಿಕೊಂಡ ಮೇಲೆ ತಾವೇ ಬೇಯಿಸಿ, ತಾವೇ ಬಡಿಸಿಕೊಂಡು ಉಣ್ಣತೊಡಗಿದರು. ಪಕ್ಕದ ಮನೆಯಿಂದ ನಮ್ಮಮ್ಮ ಸಾರು ಕಳಿಸಿದರೆ ಅದನ್ನು ಮತ್ತೆ ಕುದಿಸಿ ಕುದಿಸಿ ಗೊಜ್ಜು ಮಾಡಿ ತಿನ್ನುತ್ತಿದ್ದರು!

ಚಿಕ್ಕಮ್ಮ ಸಾಕಿದ ಎಮ್ಮೆಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಚಿಕ್ಕಪ್ಪ ಕಾಯಿಸಿ ಆರಿಸಿಟ್ಟ ನೀರನ್ನು ಮೂಸಿ, ಮುಖ ತಿರುಗಿಸಿ, ನಾವು ಕುಂಟೆ ಎನ್ನುವ ಊರ ಸಣ್ಣ ಕೆರೆಯ ಕಡೆಗೇ ನಡೆಯುತ್ತಿತ್ತು.

ಈ ಬೇಸಿಗೆಯಲ್ಲಿ ಆ ಕುಂಟೆಗೆ ಪಾಚಿ ಬಂತು. ಕಲ್ಲಿನ ಮೇಲೆ ಕಾಲು ಜಾರಿಸುವ ಪಾಚಿಯಲ್ಲ. ಯಾರೋ ಹಸಿರು ಪೇಂಟು ಸುರಿದ ಹಾಗೆ ನೀರೆಲ್ಲ ಕೆನೆಗಟ್ಟಿ ನಾರತೊಡಗಿತು. ಅದನ್ನು ಕುಡಿದ ಕುರಿಗಳು ದಡದಲ್ಲೇ ಸತ್ತುಬಿದ್ದವು. ಚಿಕ್ಕಪ್ಪನ ಎಮ್ಮೆಯೋ ತುಂಬು ಗಬ್ಬ! ಅದನ್ನು ಕೊಟ್ಟಿಗೆಯಲ್ಲೇ ಕಟ್ಟಿದರು. ಅದು ಬೋರಿನ ನೀರನ್ನು ಒಂದೆರಡು ಗುಟುಕು ಕುಡಿದು, ಕುಂಟೆಯ ಕಡೆ ನೋಡಿ ಅರಚುತ್ತಿತ್ತು. ಪಕ್ಕೆಲುಬು ಕಾಣತೊಡಗಿದವು. "ಅವಳು ಬಿಟ್ಟೋದ ಜೀವ ಕಣಪ್ಪ ಇದು. ಇದಕ್ಕೇನಾದ್ರೂ ಆದ್ರೆ ನಾನ್ ಏನ್ ಮಾಡ್ಲಿ?" ಎಂದರು ಚಿಕ್ಕಪ್ಪ. ಆವತ್ತು ಅವರು ಕೈ ತೊಳೆಯುವುದನ್ನೂ ಮರೆತಿದ್ದರು.

ಊರವರು ಪಾಚಿ ಕೊಲ್ಲಲು ಮೈಲುತುತ್ತದ ಮೂಟೆ ತಂದು ಕುಂಟೆಗೆ ಸುರಿಯಲು ನಿಂತರು. ಸುದ್ದಿ ಕೇಳಿ ಸೊಸೆ ಫೋನಿನಲ್ಲೇ ಕೂಗಿಕೊಂಡಳು.

"ಬ್ಯಾಡ ಮಾವ! ಪಾಚಿ ಎಲ್ಲಾ ಒಂದೇ ಸಲ ಸತ್ರೆ ಅದರೊಳಗಿನ ವಿಷ ನೀರಿಗೇ ಬತ್ತದೆ. ನಮ್ಮೂರ ಕುಂಟೇಲೂ ಇದು ಬತ್ತದೆ, ತಾನಾಗೇ ಕರಗೋಯ್ತದೆ. ಅಲ್ಲಿರೋ ಬ್ಯಾಕ್ಟೀರಿಯಾ ಪಾಚೀನೂ ಕರಗಿಸ್ತವೆ, ವಿಷಾನೂ ತಿಂತವೆ. ಅವನ್ನೇ ಕಾಲೇಜಲ್ಲಿ ಬೆಳೆಸಿದೀವಿ."

"ಕೆಟ್ಟಿರೋ ನೀರ್ಗೆ ಇನ್ನಷ್ಟ್ ಕ್ರಿಮಿ ಹಾಕೋದೇನಮ್ಮ?"

"ಹಾಲಿಗೆ ಹೆಪ್ಪು ಹಾಕಲ್ವಾ ಮಾವ? ಅದೂ ಬ್ಯಾಕ್ಟೀರಿಯಾನೇ!"

ಆ ವಾರವೆಲ್ಲ ಚಿಕ್ಕಪ್ಪ ಮೊಸರು ಮುಟ್ಟಲಿಲ್ಲ!

ಸೊಸೆ ದುಡುಕುವವಳಲ್ಲ. ಮೊದಲು ನಮ್ಮ ಕುಂಟೆಯ ನೀರನ್ನು ಬಕೆಟ್ಟಿನಲ್ಲಿ ತರಿಸಿಕೊಂಡು ಅದರಲ್ಲಿ ತನ್ನ ಬ್ಯಾಕ್ಟೀರಿಯಾ ಬಿಟ್ಟು ನೋಡಿದಳು. ನೀರು ತಿಳಿಯಾಯಿತು. ಪಂಚಾಯ್ತಿಯವರೂ ಒಪ್ಪಿದರು. ಎಮ್ಮೆಯ ಅವಸರ ಚಿಕ್ಕಪ್ಪನದಲ್ಲವೇ? ಅವರೇ ಕಲ್ಯಾಣದುರ್ಗಕ್ಕೆ ಹೋಗಿ ಬ್ಯಾಕ್ಟೀರಿಯಾ ಬೆಳೆಸಿದ ನೀರಿನ ಕ್ಯಾನು ತಂದರು. ಮಾರನೆಯ ಬೆಳಿಗ್ಗೆ ಸೊಸೆ ಬಂದು ಕ್ಯಾನು ಮುಟ್ಟಿ ನೋಡಿದಳು.

"ಮಾವ, ಇದ್ಯಾಕೆ ಬಿಸಿ ಐತೆ?"

"ಬಿಸಿ ಇರ್ದೆ ಇನ್ನೇನು? ಪಾತ್ರೆಗೆ ಹಾಕಿ ಮೂರ್ ಕುದಿ ಬರ್ಸಿದೀನಿ ಕಣಮ್ಮ. ಹಂಗೇ ಕುಂಟೆಗೆ ಹಾಕಾಕಾಯ್ತದಾ? ಯಾರ್ ಮುಟ್ಟಿರ್ತಾರೋ ಏನೋ!"

ಸೊಸೆ ತಲೆಯ ಮೇಲೆ ಕೈ ಹೊತ್ತು ಕೂತಳು. ಜೀವಮಾನವೆಲ್ಲ ಕ್ರಿಮಿಗಳ ಮೇಲೆ ಯುದ್ಧ ಸಾರಿದ್ದ ಚಿಕ್ಕಪ್ಪ ಗೆದ್ದದ್ದು ಅದೊಂದೇ ಸಲ, ಅದೂ ಗೆಲ್ಲಬಾರದ ಹೊತ್ತಿನಲ್ಲಿ! ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯಿಂದ ಎಮ್ಮೆ ಅರಚಿತು. ಚಿಕ್ಕಪ್ಪ ಟವೆಲು ಹೆಗಲಿಗೆ ಹಾಕಿಕೊಂಡರು. "ಇನ್ನೊಂದ್ ಕ್ಯಾನ್ ತುಂಬ್ಸಿಡಾಕೆ ಹೇಳಮ್ಮ. ಈಗ್ಲೇ ಹೋಯ್ತೀನಿ."

ಎರಡನೆಯ ಸಲ ಕ್ಯಾನು ಅವರ ತೊಡೆಯ ಮೇಲೆಯೇ ಕೂತು ಬಂತು. ಬಿಸಿಲು ತಾಗದಿರಲೆಂದು ಅದಕ್ಕೆ ಒದ್ದೆ ಟವೆಲು ಬೇರೆ! ಹಾಲಿರಬೇಕು ಎಂದುಕೊಂಡ ಕಂಡಕ್ಟರ್ ಕೇಳಿದ: "ಏಮಿ ಪೆದ್ದಾಯನಾ, ಪಾಲಾ?"

"ಕಾದಪ್ಪಾ, ಬ್ಯಾಕ್ಟೀರಿಯಾ. ಪ್ರಾಣಂತೋ ಉನ್ನಾಯಿ!"

ಜೀವಂತ ಬ್ಯಾಕ್ಟೀರಿಯಾ ಎಂದು ಕೇಳಿದ್ದೇ ತಡ, ಅಕ್ಕಪಕ್ಕದವರೆಲ್ಲ ಎದ್ದು ಡ್ರೈವರ್ ಹತ್ತಿರ ಹೋಗಿ ನಿಂತರು. ಯಾರೂ ಮೈ ತಾಗಿಸದ ಬಸ್ ಪ್ರಯಾಣ ಬೇಕೆಂದು ಚಿಕ್ಕಪ್ಪ ಎಷ್ಟು ಕಾಲದಿಂದ ಹಂಬಲಿಸಿದ್ದರೋ! ಅದನ್ನು ಕ್ರಿಮಿಗಳೇ ಕೊಡಿಸಿದವು.

ಕ್ಯಾನಿನ ನೀರು ಕುಂಟೆ ಸೇರಿತು. ಕೊಟ್ಟಿಗೆಗಳ ಗಂಜಲ, ಸಗಣಿ ನೀರು ಕುಂಟೆಗೆ ಹರಿಯದಂತೆ ಸೊಸೆ ಕಾಲುವೆ ತಿರುಗಿಸಿದಳು. ಇಲ್ಲದಿದ್ದರೆ ಪಾಚಿ ಮತ್ತೆ ಬರುತ್ತದಂತೆ. ಚಿಕ್ಕಪ್ಪ ದಿನವೂ ದಡದಲ್ಲಿ ನಿಂತು, "ತಿನ್ರಪ್ಪಾ, ನಾಚ್ಕೋಬ್ಯಾಡಿ" ಎಂದು ಕುಂಟೆಗೆ ಉಪಚಾರ ಹೇಳುತ್ತಿದ್ದರು. ಹಸಿರು ಕೆನೆ ಅಲ್ಲಲ್ಲಿ ಹರಿಯಿತು, ಮಾಸಲಾಯಿತು, ಕೊನೆಗೆ ಆಕಾಶದ ನೆರಳು ಕಂಡಿತು. ನೀರಿನ ಪರೀಕ್ಷೆಯಲ್ಲೂ ವಿಷವಿಲ್ಲವೆಂದು ಬಂದ ದಿನ ಎಮ್ಮೆಯ ಹಗ್ಗ ಬಿಚ್ಚಿದೆವು. ತುಂಬಿದ ಹೊಟ್ಟೆ ಹೊತ್ತು ಅದು ಓಡಿದ್ದನ್ನು ನೀವು ನೋಡಬೇಕಿತ್ತು! ಕತ್ತಿನ ತನಕ ಇಳಿದು, ನಿಧಾನವಾಗಿ ಹೊಟ್ಟೆತುಂಬ ಕುಡಿಯಿತು. ನಾವೆಲ್ಲ ಉಸಿರು ಬಿಟ್ಟೆವು. ಅಬ್ಬಾ, ಎಂಥ ನೆಮ್ಮದಿ!

ದಡದ ಹುಣಸೆಮರದ ಕೆಳಗೆ ಸೊಸೆ ಬುತ್ತಿ ಬಿಚ್ಚಿದಳು. ಮೊಸರನ್ನ. ಎಮ್ಮೆಯ ಹಗ್ಗ ಹಿಡಿದಿದ್ದ ತನ್ನ ಕೈ ನೋಡಿಕೊಂಡು, "ಇರಿ ಮಾವ, ಮನೇಗ್ ಹೋಗಿ ಬಿಸಿನೀರಲ್ಲಿ ಕೈ ತೊಳ್ಕೊಂಡು ಬತ್ತೀನಿ" ಎಂದು ಎದ್ದಳು.

"ಅಲ್ಲೀಗಂಟ ಯಾಕಮ್ಮ? ಇಲ್ಲಿಲ್ವಾ ನೀರು?"

ಚಿಕ್ಕಪ್ಪ ತಾವೇ ಮೊದಲು ಇಳಿದು ಕುಂಟೆಯ ನೀರಲ್ಲಿ ಎರಡೂ ಕೈ ಅದ್ದಿದರು. ಸೊಸೆಯೂ ಅದರಲ್ಲೇ ಕೈ ತೊಳೆದುಕೊಂಡು ಬಂದು ಅನ್ನ ಕಲಸಿದಳು. ತಟ್ಟೆಗೆ ಬಡಿಸಲು ಹೋದಾಗ ಚಿಕ್ಕಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅವಳ ಮುಂದೆ ಅಂಗೈ ಒಡ್ಡಿದರು.