ಆಸ್ಪತ್ರೆಗೆ ಬರಲು ನಾಚಿದ ಎತ್ತು

ನಾನು ದನದ ಡಾಕ್ಟರು. ನನ್ನ ಕಡೆ ಬರುವ ರೋಗಿಗೆ ನಾಲ್ಕು ಕಾಲಿರಬೇಕು, ಬಾಲವಿದ್ದರೆ ಇನ್ನೂ ಒಳ್ಳೆಯದು. ಆದರೆ ವಿಜಯಪುರದ ಕಡೆ ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಇಷ್ಟು ವರ್ಷ ದುಡಿದ ಮೇಲೆ ಹೇಳುತ್ತೇನೆ, ಆಗಾಗ ಎರಡು ಕಾಲಿನವರೂ ಬಂದೇ ಬರುತ್ತಾರೆ. ಹೆಂಗಸರಲ್ಲ, ಗಂಡಸರು. ಹೆಂಗಸಿಗೆ ಏನಾದರೂ ಆದರೆ ಅಕ್ಕಪಕ್ಕದ ನಾಲ್ಕು ಮನೆಗೆ ಗೊತ್ತಾಗುತ್ತದೆ, ಆಶಾ ಕಾರ್ಯಕರ್ತೆಗೆ ಗೊತ್ತಾಗುತ್ತದೆ. ಗಂಡಸಿಗೆ ಏನಾದರೂ ಆದರೆ ಸ್ವತಃ ಅವನಿಗೇ ಗೊತ್ತಾಗುವುದಿಲ್ಲ. ಗೊತ್ತಾದರೂ ಮನುಷ್ಯರ ಡಾಕ್ಟರ ಬಾಗಿಲಿಗೆ ಹೋಗಲು ಮೈಯೆಲ್ಲ ನಾಚಿಕೆ. ನನ್ನ ಮುಂದೆ ಮಾತ್ರ ಬಾಯಿ ಬಿಡುತ್ತಾರೆ. ನಾನು ಹಗ್ಗ ಬಿಗಿಯುತ್ತ, ಸೂಜಿ ಚುಚ್ಚುತ್ತ ಕೇಳಿಸಿಕೊಳ್ಳುತ್ತೇನಲ್ಲ, ಅವರ ಮುಖ ನೋಡುವುದಿಲ್ಲ. ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಇವರಲ್ಲಿ ಒಬ್ಬನ ಜೀವ ನಿಜಕ್ಕೂ ಕೈತಪ್ಪಿ ಹೋಗುವುದರಲ್ಲಿತ್ತು. ಅವನದನ್ನು ಕೊನೆಗೆ ಹೇಳುತ್ತೇನೆ.

ಸೀನಿದ ಆಡು

ತಿಕೋಟಾದ ಒಬ್ಬ ದ್ರಾಕ್ಷಿ ತೋಟದ ಮಾಲೀಕ. ನಾನಿನ್ನೂ ದವಾಖಾನೆಯ ಬೀಗ ತೆಗೆಯುವುದರೊಳಗೆ ಆಡನ್ನು ಹೆಗಲ ಮೇಲೆ ಹೊತ್ತುಕೊಂಡು ನಿಂತಿದ್ದ.

"ಸಾಹೇಬ್ರ, ಲಗೂನ ನೋಡ್ರಿ. ಆಡು ಎರಡ ಸಲ ಸೀನೇತ್ರಿ."

"ಯಾವಾಗಿಂದ?"

"ಈಗರಿ, ನಾ ಚಾ ಕುಡಿಯೂ ಮುಂದ."

ಆಡಿಗೆ ಏನೂ ಆಗಿರಲಿಲ್ಲ, ಮೂಗಿಗೆ ಧೂಳು ಹೋಗಿತ್ತು. ಅದನ್ನು ಹೇಳುವಷ್ಟರಲ್ಲಿ ಅವನೇ ಗೋಡೆ ಹಿಡಿದು ಒಂದೇ ಸಮನೆ ಕೆಮ್ಮಿದ. ದನಿ ಒಡೆದು ಹೋಗಿತ್ತು.

"ನಿಂದ ಯಾವಾಗಿಂದ?" ಎಂದೆ.

"ಚಾಟ್ನಿ ಮಾಡೂ ಮುಂದ ಹತ್ತಿದ್ದರಿ."

ಚಾಟ್ನಿ ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ. "ಚಾಟ್ನಿ ಮುಗದು, ಹಣ್ಣ ಬಂದು, ಒಣದ್ರಾಕ್ಷಿ ಆಗಿ, ಮಾರಾಟಾನೂ ಆತಲ್ಲೋ" ಎಂದೆ.

"ಹೌದ್ರಿ. ಕೆಮ್ಮೊಂದ ಉಳದೈತ್ರಿ."

ಇವತ್ತೇ ಹೋಗಿ ಎದೆಯ ಫೋಟೋ ತೆಗೆಸು, ಕೆಮ್ಮು ಇಷ್ಟು ದಿನ ನಿಲ್ಲದಿದ್ದರೆ ಕ್ಯಾನ್ಸರ್ ಇರಬಹುದು, ಟಿ.ಬಿ. ಇರಬಹುದು, ಏನೂ ಇಲ್ಲದೆಯೂ ಇರಬಹುದು, ನೋಡದೆ ತಿಳಿಯುವುದಿಲ್ಲ ಎಂದು ಗದರಿದೆ. "ಆಡು ಸೀನಿದ್ರ ಓಡಿ ಬಂದಿ. ನಿನಗ ಯಾಕ ಓಡಲಿಲ್ಲ?"

ಅವನು ತಲೆ ಕೆರೆದುಕೊಂಡು ಯೋಚಿಸಿ ಹೇಳಿದ: "ಆಡಿಗಿ ಸಂತ್ಯಾಗ ಗಿರಾಕಿ ಅದಾರ್ರಿ. ನನ್ನ ಒಯ್ದ ನಿಲ್ಲಿಸಿದ್ರ ಯಾರ ಕೇಳ್ತಾರ?"

ಒಳಗಿನ ಉಷ್ಣ

ಬಿಸಿಲೂರಿನ ನಮ್ಮ ಜನಕ್ಕೆ ಎಲ್ಲ ರೋಗಕ್ಕೂ ಒಂದೇ ಹೆಸರು, ಉಷ್ಣ. ಕಣ್ಣು ಕೆಂಪಾದರೆ ಉಷ್ಣ, ರಕ್ತ ಬಿದ್ದರೆ ಉಷ್ಣ, ಗಂಟು ಎದ್ದರೂ ಉಷ್ಣ. ಔಷಧವೂ ಒಂದೇ, ಮಜ್ಜಿಗೆ.

ಬಬಲೇಶ್ವರದಲ್ಲಿ ಬೀಜ ಗೊಬ್ಬರದ ಅಂಗಡಿಯವನೊಬ್ಬ ಎಮ್ಮೆ ಕೊಳ್ಳುವವನಿದ್ದ. ಹಲ್ಲು ನೋಡಿ ವಯಸ್ಸು ಹೇಳಲು ನನ್ನನ್ನು ಮನೆಗೆ ಕರೆಸಿದ. ನಾನು ಎಮ್ಮೆಯ ದವಡೆ ಹಿಡಿದು, "ಹೂಂ, ಬಾಯಿ ತಗಿ" ಎಂದೆ. ಎಮ್ಮೆ ತೆಗೆಯಿತು. ಎದುರಿಗೆ ನಿಂತ ಅಂಗಡಿಯವನೂ ತನಗೆ ತಿಳಿಯದಂತೆ ಬಾಯಿ ತೆಗೆಯಲು ಹೋದ, ಮಗುವಿಗೆ ಉಣ್ಣಿಸುವ ತಾಯಿ ತೆಗೆಯುತ್ತಾಳಲ್ಲ ಹಾಗೆ. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ.

ಎಮ್ಮೆಯನ್ನು ಬಿಟ್ಟು ಇವನ ದವಡೆ ಹಿಡಿದೆ. ಗುಟ್ಕಾ ಒತ್ತಿಡುವ ಕೆನ್ನೆಯ ಒಳಗೆ ಬಿಳಿ ಮಚ್ಚೆ, ಅದರ ಪಕ್ಕ ಹುಣ್ಣು.

"ಇದೇನೋ?"

"ಉಷ್ಣರಿ. ಮಜ್ಜಿಗಿ ಕುಡಿಯಾಕತ್ತೇನಿ."

"ಇಂಥಾ ಥಂಡ್ಯಾಗ ಎಲ್ಲಿ ಉಷ್ಣ?"

"ಹೊರಗಿಂದಲ್ರಿ, ಒಳಗಿಂದು. ಅದಕ್ಕ ಕ್ಯಾಲೆಂಡರ್ ಇರಂಗಿಲ್ಲ."

ನನಗೆ ರೇಗಿತು. ಬಾಯಿಯಲ್ಲಿ ವಾಸಿಯಾಗದ ಹುಣ್ಣನ್ನು ಮಜ್ಜಿಗೆಯಿಂದ ತೊಳೆಯುವುದಲ್ಲ, ಡಾಕ್ಟರಿಗೆ ತೋರಿಸುವುದು, ಈಗಿನಿಂದ ಗುಟ್ಕಾ ಮುಟ್ಟುವುದಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಗದ್ದಲ ಕೇಳಿ ಅವನ ತಾಯಿ ಹೊರಗೆ ಬಂದಳು. ಅಜ್ಜಿ, ಮಗನ ಬಾಯಿ ತೆರೆಯದ್ದು ನಿಮಗೆ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದೆ.

ಮರುದಿನವೇ ಮಗನ ಕೈ ಹಿಡಿದು ವಿಜಯಪುರದ ಬಸ್ಸು ಹತ್ತಿಸಿದವಳು ಅವಳೇ. ಆದರೆ ಆ ಹೊತ್ತಿಗೆ ಹೇಳಿದ್ದು ಇಷ್ಟು: "ಗೊತ್ತಾಗಿತ್ತಪ್ಪಾ. ಮನ್ಯಾಗ ಜಗಳ ಕಡಿಮಿ ಆಗಿದ್ವು, ಅದಕ್ಕ ಸುಮ್ಮನಿದ್ವಿ."

ಮೂರನೆಯ ಎತ್ತು

ಒಂದು ಸಂಜೆ ಬಿಜ್ಜರಗಿಯ ರೈತನೊಬ್ಬ ಫೋನ್ ಮಾಡಿದ. ಅವನ ದನಗಳಿಗೆಲ್ಲ ನಾನೇ ಮದ್ದು ಕೊಟ್ಟವನು. ಗುರುತು ಹಳೆಯದು.

"ಸಾಹೇಬ್ರ, ನಮ್ಮ ಎತ್ತ ಕೆಂಪಗ ಉಚ್ಚಿ ಹೊಯ್ಯಾಕತ್ತೈತ್ರಿ."

ದನಗಳಲ್ಲಿ ಇದು ಹೊಸದಲ್ಲ. ಉಣ್ಣಿ ಹುಳ ಕಚ್ಚಿ ಜ್ವರ ಬಂದರೆ ಹಾಗಾಗುತ್ತದೆ. "ಮೈಮ್ಯಾಲೆ ಉಣ್ಣಿ ಅದಾವೇನು?" ಎಂದೆ.

"ಇಲ್ರಿ. ದಿನಾ ಜಳಕಾ ಮಾಡತೈತ್ರಿ."

"ನೋವು?"

"ನೋವ ಇಲ್ಲಂತ್ರಿ."

"ಇಲ್ಲಂತ ಯಾರ ಹೇಳಿದ್ರು?"

"ಎತ್ತ..." ಎಂದವನು ಗಪ್ಪನೆ ನಿಲ್ಲಿಸಿದ.

ನಾನು ನಗಬಹುದಿತ್ತು. ನಕ್ಕಿದ್ದರೆ ಅವನು ಫೋನ್ ಇಡುತ್ತಿದ್ದ, ಇನ್ನೊಮ್ಮೆ ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೆ ತುಟಿ ಕಚ್ಚಿಕೊಂಡು ಕೇಳಿದೆ, "ವಯಸ್ಸೆಷ್ಟು ಎತ್ತಿಗಿ?"

"ಐವತ್ತೆಂಟರಿ."

"ಬೀಡಿ ಸೇದತೈತೇನು?"

ಸಣ್ಣ ದನಿಯಲ್ಲಿ, "ದಿನಾ ಒಂದ ಕಟ್ಟರಿ" ಎಂದ.

ನನ್ನ ನಗು ಅಲ್ಲಿಗೆ ಹೋಯಿತು. ಬೀಡಿ ಸೇದುವ ಮನುಷ್ಯ, ನೋವಿಲ್ಲದೆ ರಕ್ತ. ಇದನ್ನು ಹಗುರವಾಗಿ ಬಿಡಬಾರದು ಎಂಬುದು ದನದ ಡಾಕ್ಟರಿಗೂ ಗೊತ್ತು. ಎಷ್ಟು ದಿನದಿಂದ ಎಂದೆ. "ಬಂದು ಹೋಗತೈತ್ರಿ. ಎರಡ ದಿನ ಕೆಂಪ, ಆಮ್ಯಾಲೆ ಸಾಫ್. ವಾಸಿ ಆತು ಅಂತ ತಿಳಕೊಂಡಿತ್ರಿ ಎತ್ತು."

"ನಿಂತಿತು ಅಂದ್ರ ವಾಸಿ ಅಲ್ಲೋ. ನಾಳೆ ವಿಜಯಪುರಕ್ಕ ಕರಕೊಂಡ ಹೋಗು, ಮನಶ್ಯಾರ ಡಾಕ್ಟರ್ ಕಡೆ."

"ಒಲ್ಲೆ ಅಂತೈತ್ರಿ. ಅಲ್ಲಿ ಸಿಸ್ಟರ್‌ಗೋಳ ಇರ್ತಾರಂತ. ನಾಚತೈತ್ರಿ." ಆಮೇಲೆ ತಾನೇ, "ಸಾಹೇಬ್ರ, ದೊಡ್ಡ ರೋಗ ಅಂದ್ರ ಎತ್ತ ಉಳೀತೈತೇನ್ರಿ?" ಎಂದ.

"ಈಗ ತೋರಿಸಿದ್ರ ಉಳಿಯೋ ದಾರಿ ಐತಿ. ತಡ ಮಾಡಿದ್ರ ನನ್ನ ಕೇಳಬ್ಯಾಡ" ಎಂದು ಫೋನ್ ಇಟ್ಟೆ. ಆದರೆ ಅವನು ಹೋಗುವ ಗಿರಾಕಿಯಲ್ಲ ಎಂದು ನನಗೆ ಗೊತ್ತಿತ್ತು. ಬೆಳಗಾಗುತ್ತಲೇ ಇಬ್ರಾಹಿಂಪುರದ ನನ್ನ ಮನೆಯಿಂದ ನೆಟ್ಟಗೆ ಬಿಜ್ಜರಗಿಗೆ ಗಾಡಿ ಬಿಟ್ಟೆ.

ಅವನ ಹೆಂಡತಿ ಅಂಗಳದಲ್ಲಿ ದನಕ್ಕೆ ಜೋಳದ ಕಣಿಕೆ ಹಾಕುತ್ತಿದ್ದಳು. "ಎತ್ತ ನೋಡಾಕ ಬಂದೀರೇನ್ರಿ ಸಾಹೇಬ್ರ? ಎರಡೂ ಚಂದ ಮೇಯಾಕತ್ತಾವಲ್ರಿ."

"ಮೂರನೇದ ನೋಡಾಕ ಬಂದೇನವಾ."

"ನಮ್ಮನ್ಯಾಗ ಎರಡ ಅದಾವ್ರಿ" ಎಂದಳು. ಹಾಗೆನ್ನುತ್ತಲೇ ಬೇವಿನ ಗಿಡದ ಹಿಂದೆ ಮರೆಯಾಗಲು ನೋಡುತ್ತಿದ್ದ ಗಂಡ ಕಣ್ಣಿಗೆ ಬಿದ್ದ.

"ನೀ ಹೇಳ್ತೀಯೋ, ನಾ ಹೇಳ್ಲೋ?" ಎಂದು ಅವನನ್ನು ಕೇಳಿದೆ. ಅವನೇ ಹೇಳಿದ, ನೆಲ ನೋಡುತ್ತ. ಕೇಳಿದವಳು ಕಣಿಕೆಯ ಮೇಲೆ ಕೂತುಬಿಟ್ಟಳು. ಹೆಚ್ಚು ಹೊತ್ತು ಕೂಡಲಿಲ್ಲ. ಸೆರಗು ಸಿಗಿಸಿಕೊಂಡು ಎದ್ದಳು. "ಮದವ್ಯಾದ ವರ್ಷಾನ ಇದಕ್ಕ ಮೂಗುದಾರ ಹಾಕಬೇಕಾಗಿತ್ರಿ. ನನ್ನ ತಪ್ಪ. ನಡೀರಿ" ಎಂದು ಗಂಡನನ್ನು ಮುಂದೆ ಮಾಡಿಕೊಂಡು ಹೊರಟೇಬಿಟ್ಟಳು.

ಆಸ್ಪತ್ರೆಯ ಡಾಕ್ಟರು ಏನು ತೊಂದರೆ ಎಂದು ಕೇಳಿದಾಗ ಅವನು ರೂಢಿಯ ಮೇಲೆ "ನಮ್ಮ ಎತ್ತಿಗಿರಿ" ಎಂದು ಶುರು ಮಾಡಿದನಂತೆ. ಹೆಂಡತಿ ತೊಡೆ ಚಿವುಟಿದ ಮೇಲೆ "ನನಗರಿ" ಎಂದನಂತೆ. ಸ್ಕ್ಯಾನ್ ಆಯಿತು, ಮೂತ್ರಕೋಶದಲ್ಲಿ ಗಂಟು ಕಂಡಿತು, ಆಪರೇಷನ್ ಮಾಡಿ ತೆಗೆದರು. ತೆಗೆದ ತುಣುಕಿನ ವರದಿ ಬರುವ ದಿನ ನಾನೂ ಹೋಗಿದ್ದೆ. ದಂಪತಿ ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದರು.

ಡಾಕ್ಟರು ಬಂದು ಅವನ ಮಂಚದ ಮೇಲೆ ಕೂತರು. "ಕ್ಯಾನ್ಸರ್ ಐತಿ ಕಾಕಾ. ಆದ್ರ ಸಣ್ಣದ ಇದ್ದಾಗ ಸಿಕ್ಕೈತಿ, ಬೇರು ಬಿಟ್ಟಿಲ್ಲ, ಪೂರಾ ತಗದೇವಿ. ಬೀಡಿ ಬಿಡಬೇಕು, ಹೇಳಿದಾಗೆಲ್ಲ ಬಂದು ತೋರಸಬೇಕು. ಇನ್ನೊಂದ ವರ್ಷ ಮುಚ್ಚಿಟ್ಟಿದ್ರ ನಾ ಹಿಂಗ ಮಾತಾಡತಿರಲಿಲ್ಲ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾಲ್ಕು ಜನರ ಮುಂದೆ ಹೆಂಡತಿಯನ್ನು ಎಂದೂ ಮುಟ್ಟದ ಆ ಮನುಷ್ಯ ಅವಳ ಕೈ ಹಿಡಿದುಕೊಂಡ. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಆಗಲೇ ಸಲೈನ್ ಬದಲಿಸಲು ಬಂದ ಸಿಸ್ಟರ್ ನನ್ನನ್ನು ಕೇಳಿದಳು, "ನೀವು ಇವರಿಗೆ ಏನ ಆಗಬೇಕ್ರಿ?"

"ಮದಲ ಇವರನ್ನ ನೋಡಿದ ಡಾಕ್ಟರ್ ನಾನ."

"ಹೌದೇನ್ರಿ ಸರ್? ನೀವು ಯಾವುದರ ಡಾಕ್ಟರ್ರಿ?"

"ದನದ್ದವಾ."

ಅವಳು ನನ್ನನ್ನು ನೋಡಿದಳು, ಮಂಚದ ಮೇಲಿನವನನ್ನು ನೋಡಿದಳು. "ಅಲ್ಲ ಕಾಕಾ, ಇಂಥಾದ್ದಕ್ಕ ಯಾರರ ದನದ ಡಾಕ್ಟರ್ ಕಡೆ ಹೋಗ್ತಾರೇನ್ರಿ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಹೆಂಡತಿ ಕಣ್ಣೊರೆಸಿಕೊಂಡು ಅವನ ಪರವಾಗಿ ಉತ್ತರ ಕೊಟ್ಟಳು.

"ಬರೋಬ್ಬರ ಜಾಗಾಕ್ಕ ಹೋಗ್ಯಾರ ಬಿಡ ಯವ್ವಾ."